ಇಳಿವಯಸ್ಸಿನ ಚದುರಂಗ



ನವಲಿಯೂ ಸೇರಿದ ಕೊಪ್ಪಳ ಸೀಮೆ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಆ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ಕ್ರೀಡೆಗಳ ನಡುವೆ ಚದುರಂಗದ ವಿವರವೂ ಇದೆ. ಆಟ ಅಷ್ಟು ಹಳೆಯದು. ಆದರೆ ಆಡುವವರಿಗೇ ವಯಸ್ಸಾದರೆ?

ಪಂದ್ಯಕ್ಕೆ ಕುಳಿತ ಹಿರಿಯರಿಗೆ ಎದುರಾಳಿಯಷ್ಟೇ ಗಡಿಯಾರವೂ ವೈರಿ. ಮೂರು ನಾಲ್ಕು ತಾಸು ಕಳೆಯುವಷ್ಟರಲ್ಲಿ ದಣಿವು. ಮುಂದಿನ ನಡೆಗಳ ಲೆಕ್ಕ ತಪ್ಪುತ್ತದೆ. ಆದರೆ ಯಾವ ಕಾಯಿ ಎಲ್ಲಿದ್ದರೆ ಬಲ ಎಂಬ ತಿಳಿವಳಿಕೆ ಅಷ್ಟು ಬೇಗ ಮಾಸದು. ಆದ್ದರಿಂದಲೇ ಅನುಭವಿಗಳು ಮಂತ್ರಿಗೆ ಮಂತ್ರಿಯನ್ನು ಕೊಟ್ಟು, ಕೆಲವೇ ಕಾಯಿಗಳು ಉಳಿದ ಕೊನೆಯ ಹಂತಕ್ಕೆ ಆಟವನ್ನು ಒಯ್ಯುವುದುಂಟು.

ಇದಕ್ಕೆ ರಷ್ಯದ ವಾಸಿಲಿ ಸ್ಮಿಸ್ಲೋವ್ ನಿದರ್ಶನ. 1957ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರು 1984ರಲ್ಲಿ, 63ರ ಹೊಸ್ತಿಲಲ್ಲಿ, ಚಾಂಪಿಯನ್ನನಿಗೆ ಸವಾಲು ಹಾಕುವವನನ್ನು ಆರಿಸುವ ಅಂತಿಮ ಸುತ್ತಿಗೆ ಬಂದರು. ಎದುರಿಗೆ ಇನ್ನೂ 21 ತುಂಬದ ಗ್ಯಾರಿ ಕ್ಯಾಸ್ಪರೋವ್. ಸ್ಮಿಸ್ಲೋವ್ ಒಂದನ್ನೂ ಗೆಲ್ಲಲಿಲ್ಲ, ನಾಲ್ಕು ಸೋತರು. ಆದರೂ 13 ಆಟಗಳಲ್ಲಿ 9 ಡ್ರಾ! ಮರುವರ್ಷ ವಿಶ್ವ ಕಿರೀಟ ಧರಿಸಿದ ತರುಣನ ಎದುರು ಇದು ಸಣ್ಣ ಮಾತಲ್ಲ.

1991ರಲ್ಲಿ ಹಿರಿಯರಿಗೆಂದೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಗೆದ್ದವರು 70ರ ಸ್ಮಿಸ್ಲೋವ್. 2014ರಿಂದ ಆ ಸ್ಪರ್ಧೆ 50 ಮತ್ತು 65 ದಾಟಿದವರಿಗೆ ಬೇರೆ ಬೇರೆ ವಿಭಾಗಗಳಲ್ಲಿ ನಡೆಯುತ್ತಿದೆ.

ಕಣ್ಣು ಬಹುಮಟ್ಟಿಗೆ ಮಂದವಾದ ಮೇಲೂ ಸ್ಮಿಸ್ಲೋವ್ ಚದುರಂಗದ ಸಮಸ್ಯೆಗಳನ್ನು ರಚಿಸುತ್ತಿದ್ದರು. ಮಣೆ ಕಾಣದಿದ್ದರೂ ಆಟ ಒಳಗೆ ಉಳಿದಿತ್ತು. ಅಜ್ಜ ಮೊಮ್ಮಗ ಸಮನಾಗಿ ಎದುರುಬದುರು ಕೂರಬಲ್ಲ ಆಟಗಳು ಎಷ್ಟಿವೆ? ಮನೆಯ ಹಿರಿಯರು ಮಣೆ ಹಾಸಿದರೆ, ಅವರು ಸೋಲುತ್ತಾರೆಂದು ಮೊದಲೇ ಎಣಿಸುವುದು ಬೇಡ.