ವೆಸ್ಟಾ ಎಂಬ ಕಿರುಗ್ರಹ

ಮಂಗಳ ಗುರುಗ್ರಹಗಳ ನಡುವೆ ಲಕ್ಷಾಂತರ ಕಿರುಗ್ರಹಗಳು ಸೂರ್ಯನನ್ನು ಸುತ್ತುತ್ತಿವೆ. ಅವುಗಳಲ್ಲಿ ಅತ್ಯಂತ ಉಜ್ಜ್ವಲವಾಗಿ ತೋರುವುದು ವೆಸ್ಟಾ. 1807ರಲ್ಲಿ ಬ್ರೆಮೆನ್ ನಗರದ ವೈದ್ಯನಾದ ಓಲ್ಬರ್ಸನು ಇದನ್ನು ಕಂಡುಹಿಡಿದನು. ಸೂರ್ಯನಿಂದ ಇದರ ಸರಾಸರಿ ದೂರ 35 ಕೋಟಿ ಕಿಲೊಮೀಟರು. ಒಂದು ಪ್ರದಕ್ಷಿಣೆಗೆ ಹಿಡಿಯುವ ಕಾಲ ಸುಮಾರು 3 ವರ್ಷ 7½ ತಿಂಗಳು. ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವುದಕ್ಕೆ 5 ಗಂಟೆ 20 ನಿಮಿಷಗಳು ಸಾಕು. ವ್ಯಾಸವಾದರೋ ಸುಮಾರು 525 ಕಿಲೊಮೀಟರು ಮಾತ್ರ.

ಇಷ್ಟು ಸಣ್ಣ ಕಾಯಕ್ಕೆ ಒಳಗಾವು ಎಲ್ಲಿಂದ ಬರಬೇಕು? ಆದರೂ ಅದರ ಮೇಲ್ಮೈ ಜ್ವಾಲಾಮುಖಿಯ ಶಿಲೆಯನ್ನು ಹೋಲುವುದೆಂದು 1970ರಲ್ಲಿ ಅದರ ಬೆಳಕನ್ನು ವಿಶ್ಲೇಷಿಸಿದವರು ತೋರಿಸಿದರು. ಎಂದಮೇಲೆ ವೆಸ್ಟಾ ಒಮ್ಮೆ ಕರಗಿದ್ದಿರಬೇಕು.

2011ರಲ್ಲಿ ಅಲ್ಲಿಗೆ ತಲುಪಿದ ಡಾನ್ ನೌಕೆಯು ದಕ್ಷಿಣ ಧ್ರುವದ ಬಳಿ ಸುಮಾರು 500 ಕಿಲೊಮೀಟರು ಅಗಲದ ಕುಳಿಯನ್ನು ವಿವರವಾಗಿ ಪರೀಕ್ಷಿಸಿತು. ಅಂತಹ ಭಾರಿ ಪೆಟ್ಟುಗಳಿಂದ ಸಿಡಿದ ಚೂರುಗಳೇ ಒಂದು ಬಗೆಯ ಉಲ್ಕಾಶಿಲೆಗಳಾಗಿ ನಮ್ಮ ಭೂಮಿಗೆ ಬೀಳುತ್ತವೆಂದು ಪಂಡಿತರ ಮತ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನಿನಲ್ಲಿ ಬಿದ್ದ ಕಲ್ಲು ಆ ಜಾತಿಯದು. ಬಹುಬೇಗ ಕ್ಷಯಿಸಿಹೋಗುವ ಒಂದು ವಿಕಿರಣಶೀಲ ಅಲ್ಯೂಮಿನಿಯಮ್ ಅದರಲ್ಲಿ ಹಿಂದೆ ಇದ್ದಿತೆಂಬುದರ ಗುರುತನ್ನು 1999ರಲ್ಲಿ ಅಹಮದಾಬಾದಿನ ವಿಜ್ಞಾನಿಗಳು ಪ್ರಕಟಿಸಿದರು. ಆ ಲೋಹದ ಕ್ಷಯದಿಂದ ಹುಟ್ಟಿದ ಕಾವೇ ಇಂತಹ ಕಿರುಕಾಯಗಳನ್ನು ಕರಗಿಸಿತೆಂಬ ವಾದಕ್ಕೆ ಇದರಿಂದ ಬಲ ಬಂದಿತು.

ಭೂಮಿಯ ಶೈಶವದ ಗುರುತುಗಳನ್ನು ಮಳೆಗಾಳಿಗಳೂ ಭೂಗರ್ಭದ ಚಲನೆಗಳೂ ಬಹುಮಟ್ಟಿಗೆ ಅಳಿಸಿಬಿಟ್ಟಿವೆ. ಬೇಗನೆ ತಣಿದ ವೆಸ್ಟಾ ಆ ಕಾಲದ ಕಲ್ಲನ್ನು ಇನ್ನೂ ಉಳಿಸಿಕೊಂಡಿದೆ. ಗ್ರಹಗಳು ಹುಟ್ಟಿದ ಬಗೆಯನ್ನು ತಿಳಿಯಬಯಸುವವರು ಈ ಸಣ್ಣ ಕಾಯವನ್ನೇ ವಿಚಾರಿಸಬೇಕಾಗಿದೆ.