ಮೊದಲು ಮೂಲೆ, ಆಮೇಲೆ ಗೋಡೆ

ಇವತ್ತು ಗೋಡೆ ಬಗ್ಗೆ ಮಾತಾಡೋಣ. ಬೆಂಗಳೂರಿನ ಹೊರವಲಯದಲ್ಲಿ ಓಡಾಡೋವಾಗ ನೀವು ನೋಡಿರಬಹುದು. ಕಿಟಕಿ ಜಾಗ ಬಿಟ್ಟಿರೋ ಇಡೀ ಗೋಡೆ ಲಾರಿಯಲ್ಲಿ ಬರುತ್ತೆ, ಕ್ರೇನ್ ಎತ್ತಿ ಕೂರಿಸುತ್ತೆ. ಪ್ರೀಕಾಸ್ಟ್ ಪ್ಯಾನೆಲ್ ಅಂತೀವಿ. ಏಳು ವರ್ಷದಿಂದ ನನ್ನ ಕೆಲಸ ಅದೇ.

ನೋಡೋರಿಗೆ ಲೆಗೋ ಆಟದ ಥರ ಕಾಣುತ್ತೆ. ಆದ್ರೆ ಲೆಗೋ ಇಟ್ಟ ತಕ್ಷಣ ಕಚ್ಚಿಕೊಳ್ಳುತ್ತೆ. ನಮ್ಮ ಪ್ಯಾನೆಲ್ ಹಾಗಲ್ಲ. ಸಂದಿಗೆ ತುಂಬಿದ ಗ್ರೌಟ್ ಗಟ್ಟಿಯಾಗಬೇಕು, ಮೇಲಿನ ಸ್ಲ್ಯಾಬ್ ಬಂದು ಹಿಡಿದುಕೊಳ್ಳಬೇಕು. ಅಲ್ಲಿವರೆಗೂ ಅದು ನಿಲ್ಲಿಸಿಟ್ಟ ಇಸ್ಪೀಟ್ ಎಲೆ.

ಒಂದು ಲೆಕ್ಕ ಹೇಳ್ತೀನಿ. 4 ಮೀಟರ್ ಉದ್ದ, 3 ಮೀಟರ್ ಎತ್ತರ, 15 ಸೆಂಟಿಮೀಟರ್ ದಪ್ಪದ ಪ್ಯಾನೆಲ್ ಸುಮಾರು ನಾಲ್ಕೂವರೆ ಟನ್ ತೂಗುತ್ತೆ. ಇಷ್ಟು ಭಾರ ಇರೋದನ್ನ ಯಾರು ಅಲ್ಲಾಡಿಸ್ತಾರೆ ಅನ್ಸುತ್ತೆ ಅಲ್ವಾ? ಆಸರೆ ಇಲ್ಲದೆ ಒಂಟಿಯಾಗಿ ನಿಂತಿದ್ರೆ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದ ಗಾಳಿ ಸಾಕು, ಮಗುಚುತ್ತೆ. ಮುಂಗಾರಿಗೆ ಮುಂಚೆ ನಮ್ಮೂರಲ್ಲಿ ಬೀಸೋ ಗಾಳಿಗೆ ಅದೇನು ದೊಡ್ಡ ಮಾತಲ್ಲ.

ಅದಕ್ಕೇ ಕ್ರಮ ಮುಖ್ಯ. ಮೊದಲು ಮೂಲೆ. ಎರಡು ಎಲೆಗಳನ್ನ ಒಂದಕ್ಕೊಂದು ಅಡ್ಡ ನಿಲ್ಲಿಸಿದ್ರೆ ಒಂದು ಬೀಳದ ಹಾಗೆ ಇನ್ನೊಂದು ತಡೆಯುತ್ತೆ. ಮೂರು ಎಲೆಗಳನ್ನ ಒಂದೇ ಸಾಲಲ್ಲಿ ನಿಲ್ಲಿಸಿ ಊದಿ ನೋಡಿ, ಗೊತ್ತಾಗುತ್ತೆ. ಮೂಲೆ ಆದ್ಮೇಲೂ ಪ್ರತಿ ಪ್ಯಾನೆಲ್‌ಗೆ ಎರಡು ಓರೆ ಪ್ರಾಪ್. ಎರಡೂ ಬಿಗಿಯಾಗೋವರೆಗೆ ಕ್ರೇನ್ ಕೊಕ್ಕೆ ಬಿಚ್ಚೋ ಹಾಗಿಲ್ಲ.

ಇದೆಲ್ಲ ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಐದು ವರ್ಷದ ಹಿಂದಿನ ಏಪ್ರಿಲ್. ನಾಲ್ಕನೇ ಮಹಡಿ. ಡ್ರಾಯಿಂಗ್ ಪ್ರಕಾರ 1, 2 ಮೂಲೆಯ ಪ್ಯಾನೆಲ್‌ಗಳು. ಲಾರಿಯಲ್ಲಿ ಕೈಗೆ ಸಿಗೋ ಹಾಗೆ ಹೊರಗಡೆ ಇದ್ದದ್ದು 3, 4, 5. ಮೂಲೆಯವು ಒಳಗಡೆ. ಫ್ಯಾಕ್ಟರಿಯಲ್ಲಿ ಉಲ್ಟಾ ತುಂಬಿದ್ರು. ಕ್ರೇನ್ ಬಾಡಿಗೆ ಗಂಟೆ ಲೆಕ್ಕ. ಮೇಲಿನವರು ಫೋನಲ್ಲಿ, "ಕೈಗೆ ಸಿಕ್ಕಿದ್ದನ್ನ ಕೂರಿಸು, ಮೂಲೆ ನಾಳೆ" ಅಂದ್ರು. ನಾನು ಹೂಂ ಅಂದೆ.

ಮೂರೂ ಒಂದೇ ಸಾಲಲ್ಲಿ ನಿಂತವು. ಮೂರನೆಯದಕ್ಕೆ ಒಂದು ಪ್ರಾಪ್ ಕಮ್ಮಿ ಬಂತು. ಕೆಳಗಿಂದ ತರೋಕೆ ರಾಯಚೂರಿನ ಹುಡುಗನೊಬ್ಬನನ್ನ ಕಳಿಸಿದೆ. ಅಷ್ಟರಲ್ಲಿ ಕ್ರೇನ್ ಕೊಕ್ಕೆ ಬಿಚ್ಚಿತ್ತು, ಚೆಕ್‌ಲಿಸ್ಟ್‌ನಲ್ಲಿ ನನ್ನ ಸಹಿ ಬಿದ್ದಾಗಿತ್ತು.

ನಾಲ್ಕೂವರೆಗೆ ಧೂಳೆದ್ದು ಗಾಳಿ ಬಂತು. ಪ್ಯಾನೆಲ್ ಮೊದಲು ತಿರುಚಿಕೊಳ್ತು, ಪ್ರಾಪ್‌ನ ಬುಡದ ಬೋಲ್ಟ್ ಕಿತ್ತು ಬಂತು, ಆಮೇಲೆ ಇಡೀ ಗೋಡೆ ಒಳಕ್ಕೆ ಮಲಗಿತು. ಆ ಸದ್ದು ಹೇಗಿತ್ತು ಅಂತ ಹೇಳೋಕೆ ಬರಲ್ಲ. ಹುಡುಗ ಪ್ರಾಪ್ ಹೊತ್ತುಕೊಂಡು ಇನ್ನೂ ಮೆಟ್ಟಿಲ ಮೇಲಿದ್ದ. ಒಂದು ನಿಮಿಷ ಬೇಗ ಬಂದಿದ್ರೆ ಅದರ ಅಡಿಯಲ್ಲೇ ಇರ್ತಿದ್ದ.

ವರದಿಯಲ್ಲಿ ಕಾರಣ "ಬಿರುಗಾಳಿ" ಅಂತ ಬರೆದ್ರು. ಮೂಲೆ ಬಿಟ್ಟು ಶುರು ಮಾಡಿದ್ದು ಅದರಲ್ಲಿ ಇರಲಿಲ್ಲ. ಆ ವರದಿಗೂ ನಾನು ಸಹಿ ಹಾಕಿದೆ.

ಕ್ರಮದಲ್ಲಿ ಇನ್ನೊಂದು ವಿಷಯ ಇದೆ. ಕಟ್ಟಡ ಮುಗಿದ ಎಷ್ಟೋ ವರ್ಷಗಳ ಮೇಲೆ ಅದು ಹೊರಗೆ ಬರಬಹುದು. ಕೆಳಗಿನ ಸಂದಿ ತುಂಬಿ, ಪರೀಕ್ಷಿಸಿದ ಮೇಲೆ ಮೇಲಿನ ಮಹಡಿಗೆ ಹೋಗಬೇಕು. ಮೇಲೆ ಪ್ಯಾನೆಲ್ ಕೂತ್ಮೇಲೆ ಆ ಸಂದಿ ಯಾರ ಕಣ್ಣಿಗೂ ಬೀಳಲ್ಲ. ಲಂಡನ್‌ನಲ್ಲಿ ರೋನನ್ ಪಾಯಿಂಟ್ ಅಂತ 22 ಮಹಡಿಯ ಪ್ಯಾನೆಲ್ ಕಟ್ಟಡ ಇತ್ತು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟ ಆಗಿ ಭಾರ ಹೊರೋ ಗೋಡೆ ಹಾರಿಹೋಯ್ತು. ಮೇಲಿನ ಮಹಡಿಗಳು ಕುಸಿದವು, ಆ ಭಾರಕ್ಕೆ ಕೆಳಗಿನವೂ. ಕಟ್ಟಡದ ಒಂದು ಮೂಲೆಯೇ ಹೋಯ್ತು. ನಾಲ್ಕು ಜನ ಸತ್ರು. ರಿಪೇರಿ ಮಾಡಿ ಮತ್ತೆ ಜನರನ್ನ ಇಟ್ರು. 1986ರಲ್ಲಿ ಬಿಚ್ಚಿದಾಗ ನೋಡಿದ್ರೆ, ಎಷ್ಟೋ ಕಡೆ ಸಂದಿಗಳನ್ನ ಸರಿಯಾಗಿ ತುಂಬಿರಲೇ ಇಲ್ಲ.

ಈಗ ನಾನು ಬೆಳಗ್ಗೆ ಸೈಟ್‌ಗೆ ಹೋದ ತಕ್ಷಣ ಮಹಡಿ ಹತ್ತಲ್ಲ. ಗೇಟ್ ಹತ್ರ ನಿಂತು ಲಾರಿಯ ಪ್ಯಾನೆಲ್ ನಂಬರ್ ಓದ್ತೀನಿ. ಹೋದ ತಿಂಗಳು ಎರಡು ಲಾರಿ ವಾಪಸ್ ಕಳಿಸಿದೆ. ಕ್ರೇನ್ ಅರ್ಧ ದಿನ ಸುಮ್ನೆ ನಿಂತಿತ್ತು, ಫೋನಲ್ಲಿ ಚೆನ್ನಾಗಿ ಬೈಸಿಕೊಂಡೆ. ಆ ಹುಡುಗ ಈಗ ನಮ್ಮ ರಿಗ್ಗರ್. ಮೂಲೆ ನಿಲ್ಲೋವರೆಗೆ ಬೇರೆ ಪ್ಯಾನೆಲ್‌ಗೆ ಅವನು ಸರಪಳಿ ಮುಟ್ಟಲ್ಲ, ನಾನು ಹೇಳಿದ್ರೂ ಮುಟ್ಟಲ್ಲ.