ನಾನು ಓಡಲು ಹೊರಟ ಕಾರಣ

(ನಿಗಡಿಯಲ್ಲಿ ಕೂಡಿದ ಕನ್ನಡ ಹೋಟೆಲು ಹಾಗೂ ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಮಾತಿಗೆ ಎಬ್ಬಿಸುವಾಗ "ನಮ್ಮ ಓಟಗಾರರು" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕದ್ದು ಸರಿಯೇ. ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದು, ಹದಿನಾಲ್ಕು ವರ್ಷ ಲೋಟ ತೊಳೆದು, ಮೇಜು ಒರಸಿ, ತಿಂಡಿ ಕೊಟ್ಟು, ಆಮೇಲೆ ಸಂಘದ ಕೆಲಸಕ್ಕೆ ಸೇರಿದವನು ನಾನು. ನಾನು ಓಡಿದ್ದೆಂದರೆ ಅಡಿಗೆಮನೆಯಿಂದ ಮೇಜಿಗೆ, ಮೇಜಿನಿಂದ ಅಡಿಗೆಮನೆಗೆ. ಅದಕ್ಕೆ ಯಾರೂ ಪದಕ ಕೊಡುವುದಿಲ್ಲ.

ಈಗ ಬರುವ ಡಿಸೆಂಬರಿನಲ್ಲಿ ಪುಣೆಯ ಮ್ಯಾರಥಾನಿನಲ್ಲಿ ಅರ್ಧ ದೂರ, ಅಂದರೆ 21 ಕಿಲೋಮೀಟರು ಚಿಲ್ಲರೆ, ಓಡುವವನಿದ್ದೇನೆ. ಪೂರ್ತಿ ದೂರ 42 ಕಿಲೋಮೀಟರು 195 ಮೀಟರು. ಅದರ ಮಾತು ಈಗ ಬೇಡ. ಕಿಲೋಮೀಟರಿಗೆ ಒಂದು ರೂಪಾಯಿಯಂತೆ ತಲೆಗೆ 21 ರೂಪಾಯಿ ಕೇಳುತ್ತಿದ್ದೇನೆ. ಕೂಡಿದ ಹಣ, ಮನೋರೋಗದಿಂದ ಚೇತರಿಸಿಕೊಂಡವರಿಗೆ ಕೆಲಸ ಕಲಿಸಿ ಅವರ ಮನೆಯವರಿಗೆ ತಿಳಿವಳಿಕೆ ಕೊಡುವ ಒಂದು ಸೇವಾಸಂಸ್ಥೆಗೆ ಸಲ್ಲುತ್ತದೆ. "ಕೂಲಿಯ ಪ್ರಶ್ನೆ ಇದೆ, ರಜೆಯ ಪ್ರಶ್ನೆ ಇದೆ, ಇದರ ನಡುವೆ ಹುಚ್ಚರ ಚಿಂತೆ ನಿಮಗೇಕೆ?" ಎಂದು ಕೆಲವು ಬಂಧುಗಳು ಕೇಳಿದ್ದಾರೆ. ಅವರಿಗೆ ಉತ್ತರ ಹೇಳಲು ನಿಂತಿದ್ದೇನೆ.

2016ರಲ್ಲಿ ನಾನು ಕೆಲಸಕ್ಕಿದ್ದ ಹೋಟೆಲಿನಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಹುಡುಗನೊಬ್ಬನಿದ್ದ. ನಮ್ಮೂರ ಕಡೆಯವನೇ. ಹೆಸರು ಬೇಡ. ಯಕ್ಷಗಾನದ ಭಾಗವತರ ಹಾಗೆ ಹಾಡುತ್ತ ದೋಸೆ ಸಾಗಿಸುತ್ತಿದ್ದವನು, ಮಳೆಗಾಲ ಮುಗಿಯುವ ಹೊತ್ತಿಗೆ ಹಾಡು ಬಿಟ್ಟ. ಆಮೇಲೆ ಮಾತು ಬಿಟ್ಟ, ಸ್ನಾನ ಬಿಟ್ಟ. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಹಗಲು ರುಬ್ಬುವ ಯಂತ್ರದ ಹಿಂದೆ ಹೋಗಿ ಮೂಲೆಯಲ್ಲಿ ಮುದುಡಿಕೊಳ್ಳುತ್ತಿದ್ದ. ತಟ್ಟೆಗಳು ಕೈಜಾರಿದವು, ಅದರ ಬೆಲೆಯನ್ನು ಸಂಬಳದಲ್ಲಿ ಹಿಡಿದರು. ಭಟ್ಟರು ಸೋಮಾರಿ ಎಂದರು. ಗಲ್ಲಾದಲ್ಲಿ ಕೂತವರು ಕುಡಿತ ಕಲಿತಿದ್ದಾನೆ ಎಂದರು. ನಾವು ಜೊತೆಯ ಹುಡುಗರು ಗಾಳಿ ಸೋಂಕಿದೆ ಎಂದೆವು. ಕಾಯಿಲೆ ಎಂದು ಒಬ್ಬನೂ ಅನ್ನಲಿಲ್ಲ. ಅದೇ ತಿಂಗಳು ಇನ್ನೊಬ್ಬನ ಕಾಲಿನ ಮೇಲೆ ಸಾಂಬಾರು ಚೆಲ್ಲಿದಾಗ ನಾಲ್ಕು ಜನ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದೆವು.

ಕೊನೆಗೆ ನಾವೇ ಚಂದಾ ಎತ್ತಿ, ಹೆದ್ದಾರಿಯಲ್ಲಿ ಊರಿನ ಬಸ್ಸು ನಿಲ್ಲಿಸಿ ಅವನನ್ನು ಹತ್ತಿಸಿದೆವು. ಬೈಂದೂರಿನಲ್ಲಿ ಇಳಿಸು ಎಂದು ಕ್ಲೀನರಿಗೆ ಹೇಳಿ, ಅವನ ಚೀಲ ಸೀಟಿನ ಕೆಳಗೆ ತಳ್ಳಿದ್ದು ನಾನೇ. ಬಹಳ ದೊಡ್ಡ ಉಪಕಾರ ಮಾಡಿದೆವೆಂದು ರಾತ್ರಿ ಎಲ್ಲರೂ ನಿಶ್ಚಿಂತೆಯಿಂದ ಮಲಗಿದೆವು. ಎರಡು ದಿನದ ನಂತರ ಅವನ ತಾಯಿ ಫೋನು ಮಾಡಿದರು: "ಅವ್ನಿಗ್ ಎಂತ ಆಯ್ತ್ ಮಗಾ? ನೀ ಒಟ್ಟಿಗ್ ಇದ್ದಂವ ಅಲ್ದಾ?" ಏನು ಹೇಳಿದೆನೋ ನೆನಪಿಲ್ಲ.

ಅವನು ಬದುಕಿದ್ದಾನೆ. ಎಂಟು ತಿಂಗಳು ಮಂತ್ರ, ತಾಯತ, ನುಡಿಗಟ್ಟು ಎಂದು ಸುತ್ತಿ, ಆಮೇಲೆ ಊರಿನ ಶಾಲೆಯ ಮಾಸ್ತರರೊಬ್ಬರ ಮಾತಿನಿಂದ ವೈದ್ಯರಲ್ಲಿಗೆ ಹೋದರು. ಮಾತ್ರೆ ಶುರುವಾಯಿತು. ಈಗ ಗೂಡಂಗಡಿ ನಡೆಸುತ್ತಾನೆ. 2023ರಲ್ಲಿ ಊರಿಗೆ ಹೋದಾಗ ಅವನ ಅಂಗಡಿಯ ಬೆಂಚಿನಲ್ಲಿ ಕೂತು ಸೋಡಾ ಕುಡಿದೆ. ಕುಶಲ ಎಲ್ಲ ಆದ ಮೇಲೆ ಅವನು ಕೇಳಿದ: "ಅವತ್ತ್ ಬಸ್ಸಿಗ್ ಹತ್ಸುವಾಗ ನೀ ಯಾಕ್ ಒಟ್ಟಿಗ್ ಬರ್ಲಿಲ್ಲ?" ರಜೆ ಸಿಗಲಿಲ್ಲ ಎಂದೆ. ಬಂಧುಗಳೆ, ನಾನು ರಜೆ ಕೇಳಿಯೇ ಇರಲಿಲ್ಲ.

ಅಲ್ಲಿಂದ ಬಂದ ಮೇಲೆ ನಿದ್ದೆ ಹತ್ತದಾಯಿತು. ಇಲ್ಲೇ ಕಾರ್ಖಾನೆಯಲ್ಲಿ ದುಡಿಯುವ ಬಾಗಲಕೋಟೆಯ ಅಣ್ಣನೊಬ್ಬರು ದಿನಾ ಬೆಳಗ್ಗೆ ಓಡುತ್ತಾರೆ. ಅವರ ಹತ್ತಿರ ಹೇಳಿಕೊಂಡೆ. ಅವರು ಉಪದೇಶ ಮಾಡಲಿಲ್ಲ. "ನಾಳಿ ಐದಕ್ಕ ಭಕ್ತಿ-ಶಕ್ತಿ ಚೌಕಕ್ಕ ಬರ್ರಿ. ನೀವು ಹೋಟೆಲ್ ಮಂದಿ ದಿನಾ ಹತ್ತ ಮೈಲಿ ನಡದವ್ರು, ಓಡಾಕ ಏನ ಆಗೇತಿ?" ಎಂದರು. ಹೋದೆ. ದೀಪದ ಕಂಬಗಳನ್ನು ಎಣಿಸಿ, ನಾಲ್ಕನೆಯ ಕಂಬಕ್ಕೆ ನಿಂತು ಬಿಟ್ಟೆ. ಹೋಟೆಲಿನ ಕಾಲು ನಿಲ್ಲಬಲ್ಲುದು, ನಡೆಯಬಲ್ಲುದು. ಉಸಿರು ಮಾತ್ರ ಹೊಗೆಯಲ್ಲಿ ಬೆಳೆದದ್ದು.

ಹೇಗೆ ಕಲಿತೆ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ತರುಣರು ಕೆಲವರು ಕೇಳಿದ್ದಾರೆ. ಮೊದಲ ತಿಂಗಳು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಓಟ ಹೆಚ್ಚು, ನಡಿಗೆ ಕಡಿಮೆ. ವಾರಕ್ಕೆ ನಾಲ್ಕೇ ದಿನ. ಒಂದು ದಿನ ಮಾತ್ರ ದೂರದ ಓಟ. ಆ ದೂರವನ್ನು ಒಂದು ವಾರದಿಂದ ಇನ್ನೊಂದು ವಾರಕ್ಕೆ ಸ್ವಲ್ಪವೇ ಏರಿಸಬೇಕು. ಹುರುಪಿನಲ್ಲಿ ನಾನು ಒಮ್ಮೆ ಆರರಿಂದ ಹತ್ತಕ್ಕೆ ಜಿಗಿದು ಮೊಣಕಾಲು ಹಿಡಿದು ಹದಿನೈದು ದಿನ ಕುಂಟಿದೆ. ಓಡುತ್ತ ಪಕ್ಕದವರೊಡನೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಓಡುವ ಮೊದಲು ಬಾಳೆಹಣ್ಣು, ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪು. ಬೇರೆ ಯಾವ ಡಬ್ಬದ ಪುಡಿಯೂ ಬೇಕಿಲ್ಲ. ಹನ್ನೆರಡು ಗಂಟೆ ನಿಂತು ಕಾಲಿನ ನರ ಉಬ್ಬಿದವರು, ಎದೆನೋವು ಇದ್ದವರು ವೈದ್ಯರನ್ನು ಕೇಳದೆ ಓಡಬಾರದು. ಬೂಟಿಗೆ ಮಾತ್ರ ದುಡ್ಡು ಹಾಕಲೇಬೇಕು. ಎಷ್ಟು ಹಾಕಿದೆನೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ. ಸಭೆಯ ವರದಿಯಲ್ಲಿಯೂ ಬರೆಯದಿರಲು ಸಂಪಾದಕರಲ್ಲಿ ವಿನಂತಿ.

ಬೂಟು ಎಂದಾಗ ಒಬ್ಬರ ನೆನಪಾಗುತ್ತದೆ. 1919ರಲ್ಲಿ ಇದೇ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಹಳ್ಳಿಯ ರೈತರು ಬರಿಗಾಲಿನಲ್ಲಿ ದೂರದ ಓಟ ಓಡುವುದನ್ನು ಸರ್ ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದರು. ಅದರ ಫಲವಾಗಿ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದಿಂದ ಒಂದು ಸಣ್ಣ ತಂಡ ಹೋಯಿತು. ಅದರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರಿದ್ದರು. ಆ ವರ್ಷದ ಮ್ಯಾರಥಾನ್ 42.75 ಕಿಲೋಮೀಟರಿನದು, ಇಂದಿನದಕ್ಕಿಂತಲೂ ಉದ್ದ. ಅದನ್ನು ಅವರು 2 ಗಂಟೆ 50 ನಿಮಿಷದಷ್ಟರಲ್ಲಿ ಓಡಿ ಹತ್ತೊಂಬತ್ತನೆಯವರಾದರು. ನನಗೆ ಅದರ ಅರ್ಧಕ್ಕೇ ಅಷ್ಟು ಹೊತ್ತು ಬೇಕು. ಆದರೂ ಕನ್ನಡನಾಡಿನವನೊಬ್ಬ ಪುಣೆಯ ಮಣ್ಣಿನಿಂದ ದೂರದ ಓಟಕ್ಕೆ ಹೊರಡುವುದು ಹೊಸ ಸಂಗತಿಯೇನಲ್ಲ. ದೇಹುವಿನಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳು ಪ್ರತಿವರ್ಷ ಈ ನಿಗಡಿಯ ಮೇಲೆಯೇ ಆಕುರ್ಡಿಯ ಬಿಡಾರಕ್ಕೆ ನಡೆಯುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ಯುಗಾದಿಗೆ ಶ್ರೀಶೈಲಕ್ಕೆ ನಡೆಯುತ್ತಾರೆ. ಒಬ್ಬರೇ ಹೋಗುವವರು ವಿರಳ.

ಈಗ ಡಬ್ಬಿಯ ವಿಷಯ. 21 ರೂಪಾಯಿ ಕೇಳಲು ಕೋಣೆಕೋಣೆಗೆ ಹೋದಾಗ ಹಣಕ್ಕಿಂತ ಮೊದಲು ಮಾತು ಬಂತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮುಂಬಯಿಯ ಗಿರಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ತಮ್ಮನ ಕತೆ ಹೇಳಿದರು. 1982ರ ಜನವರಿಯಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರಲ್ಲ, ಅದರಲ್ಲಿ ಅಣ್ಣತಮ್ಮ ಇಬ್ಬರ ಕೆಲಸವೂ ಹೋಯಿತು. ಅಣ್ಣ ಇಲ್ಲಿಗೆ ಬಂದು ಬದುಕು ಕಟ್ಟಿದರು. ತಮ್ಮ ನಾಲ್ಕು ವರ್ಷ ಗೋಡೆಗೆ ಮುಖ ಮಾಡಿ ಕೂತ. ನೆಂಟರು ಬಂದರೆ ಒಳಕೋಣೆಗೆ ಕಳಿಸಿ ಬಾಗಿಲು ಹಾಕುತ್ತಿದ್ದರಂತೆ. "ಮದುವೆ ಆಗಬೇಕಾದ ತಂಗಿ ಇದ್ದಳು, ಏನು ಮಾಡುವುದು?" ಎಂದರು. ನಲವತ್ತು ವರ್ಷಕ್ಕೂ ಮೇಲಾಯಿತು, ಈ ಮಾತನ್ನು ಇನ್ನೊಬ್ಬರ ಮುಂದೆ ಆಡಿದ್ದು ಅಂದೇ ಮೊದಲು. ತಂದೂರಿನ ಮುಂದೆ ನಿಲ್ಲುವ ತರುಣನೊಬ್ಬ, ತನಗೆ ಮೂರು ತಿಂಗಳಿಂದ ಬೆಳಗ್ಗೆ ಏಳುವುದೇ ಬೇಡವಾಗಿದೆ, ಇದೂ ಅದೇನಾ ಎಂದು ಕೇಳಿದ. ಅವನು ಈಗ ನನ್ನ ಜೊತೆ ಓಡುತ್ತಾನೆ, ವೈದ್ಯರಲ್ಲಿಗೂ ಹೋಗುತ್ತಾನೆ. ಎರಡನ್ನೂ ಹೇಳುತ್ತಿದ್ದೇನೆ, ಗಮನಿಸಬೇಕು. ಓಟದಿಂದ ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ. ಆದರೆ ಓಡುತ್ತೇನೆಂದು ವೈದ್ಯರ ಮಾತ್ರೆ ಬಿಡುವುದು ಮೂರ್ಖತನ.

ಇಂಥವರು ನಾಲ್ಕೈದೇ ಜನ ಎಂದುಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಕಾಯಿಲೆ ಯಾವುದೆಂಬುದರ ಮೇಲೆ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಇಲ್ಲ. ಈ ಸಭೆಯಲ್ಲಿ ಇನ್ನೂರು ಜನ ಇದ್ದೇವೆ. ಲೆಕ್ಕ ನೀವೇ ಹಾಕಿ.

ಸಂಘದವನಾಗಿ ಕೆಲವು ಮಾತು ಹೇಳದೆ ಕೂರಲಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಆಸ್ಪತ್ರೆಗಳಲ್ಲಿ ಮನೋರೋಗದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು ಎಂದು ಅದು ಹೇಳುತ್ತದೆ. ಅದು ಯಾರ ದಾನವೂ ಅಲ್ಲ. ಜೀವ ಕಳೆದುಕೊಳ್ಳಲು ಹೊರಟು ಉಳಿದವನನ್ನು ಅಪರಾಧಿಯಂತೆ ಕಾಣದೆ, ತೀವ್ರ ಸಂಕಟದಲ್ಲಿದ್ದವನೆಂದು ಭಾವಿಸಬೇಕೆಂದೂ ಹೇಳುತ್ತದೆ. ಇ.ಎಸ್.ಐ. ಕಾರ್ಡು ಇರುವವರು ಕೇಳಿ: ದೀರ್ಘಕಾಲದ ಕಾಯಿಲೆಗಳಿಗೆ ಕೊಡುವ ವಿಸ್ತರಿತ ಅನಾರೋಗ್ಯ ಭತ್ಯೆಯ ಪಟ್ಟಿಯಲ್ಲಿ ಸೈಕೋಸಿಸ್ ಎಂಬ ಮನೋವ್ಯಾಧಿಯೂ ಇದೆ. ಎರಡು ವರ್ಷದ ನಿರಂತರ ಕೆಲಸ, ವಂತಿಗೆ ಇತ್ಯಾದಿ ಷರತ್ತುಗಳಿವೆ. ಅವು ಪೂರೈಸಿದರೆ ಕೂಲಿಯ ನೂರಕ್ಕೆ 80ರಷ್ಟು ಎರಡು ವರ್ಷದವರೆಗೆ ಸಿಗಬಹುದು. ಅಂದು ಇದು ಗೊತ್ತಿದ್ದರೆ ಚೀಲ ತಳ್ಳುವ ಮೊದಲು ಅವನ ಕಾರ್ಡು ಎಲ್ಲಿದೆ ಎಂದು ಕೇಳುತ್ತಿದ್ದೆ. ಆದರೆ ಕಾರ್ಡೇ ಮಾಡಿಸದ ಧಣಿಗಳು ಎಷ್ಟು ಮಂದಿ ಇದ್ದಾರೆಂಬುದು ಬೇರೆ ಮಾತು. ಅದಕ್ಕೆ ಮುಂದಿನ ತಿಂಗಳ ಸಭೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲಿಯೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ತಂದಿದ್ದೇನೆ. ಮಲಗುವ ಕೋಣೆಯ ಗೋಡೆಗೆ ಅಂಟಿಸಿ. ಗಲ್ಲಾದ ಹತ್ತಿರ ಬೇಡ, ಅಲ್ಲಿ ಯಾರೂ ನಿಂತು ಓದಲಾರರು.

ಹೋದ ರವಿವಾರ ಮೊದಲ ಬಾರಿ 18 ಕಿಲೋಮೀಟರು ಮುಗಿಸಿದೆ. ಪ್ರಾಧಿಕರಣದ ರಸ್ತೆಗಳಲ್ಲಿ ನಾಲ್ಕು ಸುತ್ತು, ಕೊನೆಯ ಸುತ್ತಿನಲ್ಲಿ ನಾಯಿಗಳೂ ಬೆನ್ನಟ್ಟುವುದನ್ನು ಬಿಟ್ಟು ಸುಮ್ಮನೆ ನೋಡಿದವು. ಊರಿನ ಗೂಡಂಗಡಿಯಿಂದ ಫೋನಿನಲ್ಲಿ 21 ರೂಪಾಯಿ ಬಂದಿದೆ. ಓಟದ ದಿನ ತಾನೂ ಬರುತ್ತೇನೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದಾನೆ.

ಡಬ್ಬಿ ಬಾಗಿಲ ಬಳಿಯ ಮೇಜಿನ ಮೇಲಿದೆ, ರಸೀದಿ ಪುಸ್ತಕ ಖಜಾಂಚಿಗಳ ಕೈಯಲ್ಲಿದೆ. ರಸೀದಿ ಪಡೆಯದೆ ಯಾರೂ ಹಣ ಹಾಕಬಾರದು. ಓಟ ಮುಗಿದ ಹತ್ತನೆಯ ದಿನ ಇದೇ ಸಭಾಗೃಹದಲ್ಲಿ ಲೆಕ್ಕ ಓದುತ್ತೇವೆ. ನನ್ನ ಜೊತೆ ಬೆಳಗ್ಗೆ ಬರಲಿಚ್ಛಿಸುವವರು ಐದು ಗಂಟೆಗೆ ಚೌಕದಲ್ಲಿರಬೇಕು. ರಾತ್ರಿ ಪಾಳಿಯವರಿಗೆ ಬಾಗಲಕೋಟೆಯ ಅಣ್ಣನವರು ಸಂಜೆ ಆರಕ್ಕೆ ಇನ್ನೊಂದು ತಂಡ ಮಾಡಿದ್ದಾರೆ.